ಮೊದಲು ಮೂತ್ರಾಲಯ, ಆಮೇಲೆ ದಂಡ

ಬೀದಿಯಲ್ಲಿ ಮೂತ್ರ ಮಾಡುವುದು ತಪ್ಪು. ಇದರಲ್ಲಿ ಎರಡು ಮಾತಿಲ್ಲ. ಮುಂಜಾನೆ ಅಂಗಡಿಯ ಬಾಗಿಲು ತೆರೆದೊಡನೆ ದುರ್ನಾತ ಕುಡಿಯುವ ಸಣ್ಣ ವ್ಯಾಪಾರಿಗೂ, ಆ ಗೋಡೆಯನ್ನು ತೊಳೆಯುವ ಪೌರಕಾರ್ಮಿಕನಿಗೂ ಇದರ ಕಷ್ಟ ಗೊತ್ತು. ಆದರೆ ದಂಡದ ಪಾವತಿ ಹರಿಯುವ ಮೊದಲು ಅಧಿಕಾರಿಗಳು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಈ ಮನುಷ್ಯ ಎಲ್ಲಿಗೆ ಹೋಗಬೇಕಾಗಿತ್ತು?

ಕಾನೂನು ಉತ್ತರ ಹೇಳಿಯೇ ಇದೆ. 1976 ರ ಮಹಾನಗರಪಾಲಿಕೆಗಳ ಕಾಯಿದೆಯೂ 1964 ರ ಪುರಸಭೆಗಳ ಕಾಯಿದೆಯೂ ಸಾರ್ವಜನಿಕ ಮೂತ್ರಾಲಯಗಳನ್ನು ಕಡ್ಡಾಯ ಕರ್ತವ್ಯಗಳಲ್ಲಿ ಎಣಿಸಿವೆ. ಗಂಡಸರಿಗೂ ಹೆಂಗಸರಿಗೂ ಸಾಕಷ್ಟು ಶೌಚಾಲಯ ಕಟ್ಟಿ ಸುಸ್ಥಿತಿಯಲ್ಲಿಡಬೇಕೆಂದು 1993 ರ ಪಂಚಾಯತ್ ರಾಜ್ ಕಾಯಿದೆ ಗ್ರಾಮ ಪಂಚಾಯತಿಗೆ ವಿಧಿಸಿದೆ. ಗಿರಣಿಯ ಒಡೆಯನಿಗೆ 2025 ರವರೆಗೆ 1948 ರ ಕಾರಖಾನೆ ಕಾಯಿದೆಯ 19 ನೆಯ ಕಲಮು ಇತ್ತು. ಬೆಳಗಾವಿಯ ಪಾಲಿಕೆಯಾಗಲಿ, ಖಾನಾಪುರದ ಪಟ್ಟಣ ಪಂಚಾಯತಿಯಾಗಲಿ, ನಂದಗಡದ ಪಂಚಾಯತಿಯಾಗಲಿ ಈ ಹೊಣೆಯಿಂದ ಹೊರಗಿಲ್ಲ.

ನಂದಗಡವೆಂದರೆ 1831 ರ ಜನವರಿ 26 ರಂದು ಸಂಗೊಳ್ಳಿ ರಾಯಣ್ಣ ಗಲ್ಲಿಗೇರಿದ ಊರು. ಅವನ ಸಮಾಧಿಗೆ ದೂರದೂರದಿಂದ ಜನ ಬರುತ್ತಾರೆ. ಗಂಟೆಗಟ್ಟಲೆ ಬಸ್ಸಿನಲ್ಲಿ ಕುಳಿತು ಬಂದ ಮುದುಕನಿಗೂ ಬಾಣಂತಿಗೂ ಇಳಿದೊಡನೆ ಬೇಕಾಗುವುದು ಭಾಷಣವಲ್ಲ. ನೀರಿರುವ, ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೋಣೆ.

ಹೆಂಗಸರ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಬುಟ್ಟಿ ಹೊತ್ತು ಸಂತೆಗೆ ಬಂದವಳು ಬೆಳಗಿನಿಂದ ನೀರು ಕುಡಿಯದೆ, ಬಾಧೆಯನ್ನು ತಡೆದುಕೊಂಡು ಕೂಡುತ್ತಾಳೆ. ಕೊನೆಗೆ ಉರಿಮೂತ್ರ ಹಿಡಿದು ವೈದ್ಯರ ಬಾಗಿಲಿಗೆ ನಿಲ್ಲುತ್ತಾಳೆ. ಅವಳು ಯಾವ ಕಾಯಿದೆಯನ್ನೂ ಮುರಿಯಲಿಲ್ಲ. ಆದರೂ ದಂಡ ತೆತ್ತವಳು ಅವಳೇ!

2020 ರ ಜನವರಿಯಲ್ಲಿ ಬೆಂಗಳೂರಿನ ಪಾಲಿಕೆ ಇಂಥವರಿಗೆ ನಾಚಿಕೆ ಬರಲೆಂದು ಐದು ಕಡೆ ರಸ್ತೆಬದಿಯಲ್ಲಿ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿತು. ಕನ್ನಡಿ ಬೇಕು, ನಿಜ. ಆದರೆ ಅದನ್ನು ಮೊದಲು ಕಚೇರಿಗಳ ಒಳಗೆ ತೂಗುಹಾಕಬೇಕು. 2025 ರ ಜನವರಿ 15 ರಂದು ಸುಪ್ರೀಂ ಕೋರ್ಟು ಶೌಚದ ಸೌಕರ್ಯವು ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸಾರಿತು. ಹಕ್ಕನ್ನು ಕೊಡದೆ ದಂಡವನ್ನು ಮಾತ್ರ ವಸೂಲು ಮಾಡುವುದು ಯಾವ ನ್ಯಾಯ?

ನಮ್ಮ ಬೇಡಿಕೆ ಸರಳವಾದುದು. ಸಂತೆ, ಬಸ್ ನಿಲ್ದಾಣ, ಗಿರಣಿ ಓಣಿಗಳಲ್ಲಿ ಕಾಸು ಕೇಳದ ಮೂತ್ರಾಲಯಗಳಾಗಲಿ; ಅವನ್ನು ಶುಚಿಯಾಗಿಡುವವರಿಗೆ ಕಾಯಂ ನೌಕರಿ, ಸರಿಯಾದ ಸಂಬಳ ದೊರೆಯಲಿ; ವಸೂಲಾದ ದಂಡದ ಹಣ ಇದಕ್ಕೇ ಸಲ್ಲಲಿ. ಇಷ್ಟಾದ ಮೇಲೂ ಗೋಡೆಗೆ ಮುಖಮಾಡಿ ನಿಲ್ಲುವವನಿಗೆ ದಂಡ ಹಾಕಿರಿ, ನಾವೇ ಸಾಕ್ಷಿ ಹೇಳುತ್ತೇವೆ. ಅಲ್ಲಿಯವರೆಗೆ ಮೊದಲನೆಯ ಅಪರಾಧಿ ಬೀದಿಯಲ್ಲಿಲ್ಲ, ಕುರ್ಚಿಯ ಮೇಲಿದ್ದಾನೆ.