ಕೂಡಿ ಕೊಳ್ಳುವ ಭೂಮಿಗೆ ಕರಾರೂ ಕೂಡಿರಲಿ

ಮಾನಂದವಾಡಿ ಪರಿಸರದ ನಮ್ಮ ಕನ್ನಡ ಕುಟುಂಬಗಳಲ್ಲಿ ಈಚೆಗೆ ಒಂದು ಹೊಸ ಉತ್ಸಾಹ ಕಾಣುತ್ತಿದೆ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದಂಥ ಬೆಲೆ ಬಂತು. ಬೆಂಗಳೂರಿಗೋ ಗಲ್ಫಿಗೋ ಹೋದ ಮಕ್ಕಳೂ ನಾಲ್ಕು ಕಾಸು ಕಳುಹಿಸುತ್ತಿದ್ದಾರೆ. ಬಂದ ಹಣವನ್ನು ಜಾಗಕ್ಕೆ ಹಾಕೋಣ, ಒಬ್ಬನಿಂದಾಗದಿದ್ದರೆ ಮೂವರು ಸೇರೋಣ, ಎರಡು ವರ್ಷ ಇಟ್ಟು ಮಾರಿದರೆ ಲಾಭ ಎಂಬ ಮಾತು ಮದುವೆಮನೆಗಳಲ್ಲೂ ಬಸ್ಸುಗಳಲ್ಲೂ ಕೇಳಿಬರುತ್ತಿದೆ. ಸಣ್ಣ ಸಮುದಾಯವೊಂದು ತನ್ನ ಕಾಲ ಮೇಲೆ ನಿಲ್ಲಬಯಸುವುದು ಸ್ವಾಗತಾರ್ಹವೇ. ಆದರೆ ಹಣ ಎಲ್ಲಿಂದ, ಆಸ್ತಿ ಯಾರ ಹೆಸರಿಗೆ, ಜಗಳ ಬಂದರೆ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡದೆ ಮುಂಗಡ ಕೊಡುವವರೇ ಹೆಚ್ಚೆಂಬುದು ನಮ್ಮ ಆತಂಕ.

ಮೊದಲು ಲಾಭದ ಲೆಕ್ಕವನ್ನೇ ನೋಡೋಣ. ಕೇರಳದಲ್ಲಿ ಕ್ರಯದ ಆಧಾರಕ್ಕೆ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2. ಹತ್ತು ಲಕ್ಷದ ಜಾಗ ಕೈಸೇರುವಾಗಲೇ ಹನ್ನೊಂದು ಲಕ್ಷವಾಯಿತು. ಆ ಹಣ ಶೇ. 10ರ ಬಡ್ಡಿಯದಾದರೆ ಒಂದು ವರ್ಷಕ್ಕೆ 12.10 ಲಕ್ಷ, ಎರಡು ವರ್ಷಕ್ಕೆ 13.31 ಲಕ್ಷ. ಅಂದರೆ ಎರಡು ವರ್ಷದಲ್ಲಿ ಜಾಗದ ಬೆಲೆ ಮೂರನೆಯ ಒಂದು ಪಾಲಿನಷ್ಟು ಏರಿದರೂ ಲಾಭ ಸೊನ್ನೆ! ದಲ್ಲಾಳಿಯ ಕಮಿಶನ್, ಮಾರುವಾಗಿನ ತೆರಿಗೆ ಇದರಲ್ಲಿ ಸೇರಿಲ್ಲ. ತೋಟ ಫಸಲು ಕೊಡುತ್ತದೆ, ಮನೆ ಬಾಡಿಗೆ ತರುತ್ತದೆ. ಬೇಲಿ ಹಾಕಿದ ಬರಿ ಜಾಗ ತಿಂಗಳ ಕಂತಿಗೆ ಒಂದು ಪೈಸೆಯನ್ನೂ ಹುಟ್ಟಿಸದು.

ಇನ್ನು ಹಣದ ಮೂಲ. ಗೃಹಸಾಲಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ: ಸಾಲ 30 ಲಕ್ಷದೊಳಗಾದರೆ ಆಸ್ತಿಯ ಮೌಲ್ಯದ ಶೇ. 90ರ ವರೆಗೆ, 75 ಲಕ್ಷದೊಳಗಾದರೆ ಶೇ. 80, ಅದಕ್ಕೂ ಮೇಲಾದರೆ ಶೇ. 75. ಉಳಿದುದು ಕೈಯಿಂದಲೇ ಬರಬೇಕು. ಇದು ಮನೆಗೆ ಸಿಗುವ ಸಾಲ. ಮರುಮಾರಾಟದ ಜಾಗಕ್ಕೆ ಇದನ್ನೇ ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ಆಗ ನಮ್ಮವರು ಚಿಟ್ಟಿಯತ್ತ ನೋಡುತ್ತಾರೆ. 1969ರಲ್ಲಿ ಸ್ಥಾಪನೆಯಾದ ಸರಕಾರದ ಕೆ.ಎಸ್.ಎಫ್.ಇ. ಇಲ್ಲಿ ಮನೆಮನೆಗೂ ಪರಿಚಿತ. ತಿಂಗಳಿಗೆ 20,000ದಂತೆ 25 ಮಂದಿಯ 5 ಲಕ್ಷದ ಚಿಟ್ಟಿಯನ್ನು ಒಬ್ಬ 4 ಲಕ್ಷಕ್ಕೆ ಕೂಗಿ ಎತ್ತಿದನೆನ್ನಿ. ಬಿಟ್ಟ ಒಂದು ಲಕ್ಷದಲ್ಲಿ ಶೇ. 5ರ ಕಮಿಶನ್ 25,000 ಹೋಗಿ, ಉಳಿದ 75,000 ಎಲ್ಲರಿಗೂ 3,000ದಂತೆ ಹಂಚಿಕೆಯಾಗುತ್ತದೆ. ಬೇಗ ಎತ್ತಿದವನಿಗೆ ಅದು ಸಾಲ, ಕಾದವನಿಗೆ ಉಳಿತಾಯ. ಎತ್ತಿದ ಹಣಕ್ಕೆ ಜಾಮೀನು ಬೇಕು, ಕಂತು ಕೊನೆಯ ತನಕ ತಪ್ಪದು. ಇಂಥ ಹಣವನ್ನು ಎಂದು ಮಾರಾಟವಾದೀತೆಂದು ತಿಳಿಯದ ಜಾಗಕ್ಕೆ ಸುರಿಯುವ ಮುನ್ನ ಎರಡು ಬಾರಿ ಯೋಚಿಸಬೇಕು. ಪರವಾನಗಿಯಿಲ್ಲದ ಬಡ್ಡಿಯವರ ಬಾಗಿಲು ತುಳಿಯಲೇಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಹೆಸರಿನದು. ಮೂವರು ಹಣ ಹಾಕಿ, "ಓಡಾಡುವವನು ಅವನೇ ತಾನೆ" ಎಂದು ಒಬ್ಬನ ಹೆಸರಿಗೆ ಆಧಾರ ಮಾಡಿಸುವುದುಂಟು. ಮುಂದೆ ಅವನು ಸಾಲಗಾರನಾದರೆ ಜಪ್ತಿಯಾಗುವುದು ಆ ಜಾಗವೇ. ತೀರಿಕೊಂಡರೆ ಹಕ್ಕು ಕೇಳುವವರು ಅವನ ವಾರಸುದಾರರು. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಒಂದೇ ಜಾಗ ಕೊಂಡು ಇಟ್ಟುಕೊಳ್ಳುವುದಾದರೆ ಎಲ್ಲರ ಹೆಸರೂ, ಪ್ರತಿಯೊಬ್ಬರ ಪಾಲಿನ ಪ್ರಮಾಣವೂ ಆಧಾರದಲ್ಲೇ ಬರಲಿ. ಇದು ಸರಳ ದಾರಿ.

ಕೊಳ್ಳುವುದು, ವಿಂಗಡಿಸುವುದು, ಮಾರುವುದು ಎಂದಾದರೆ ಅದು ವ್ಯಾಪಾರ. ಅದಕ್ಕೆ ಪಾಲುಗಾರಿಕೆ ಬೇಕು. 1932ರ ಪಾಲುಗಾರಿಕೆ ಕಾನೂನಿನಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುಗಾರನೂ ತನ್ನ ಸ್ವಂತ ಆಸ್ತಿಯ ಸಮೇತ ಹೊಣೆ. ನೋಂದಾಯಿಸದ ಸಂಸ್ಥೆ ತನ್ನ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಬೇರೆ ಮಾತಿಲ್ಲದಿದ್ದರೆ ಒಬ್ಬ ಪಾಲುಗಾರನ ಮರಣದೊಂದಿಗೆ ಸಂಸ್ಥೆಯೇ ಮುಗಿಯುತ್ತದೆ. ಹೊಣೆಗೆ ಮಿತಿ ಬೇಕೆನ್ನುವವರಿಗೆ 2008ರ ಕಾನೂನಿನ ಸೀಮಿತ ಹೊಣೆಯ ಪಾಲುಗಾರಿಕೆಯಿದೆ, 2013ರ ಕಾನೂನಿನ ಖಾಸಗಿ ಕಂಪೆನಿಯಿದೆ. ಆದರೆ ಜಾಗ ಮಲಗಿದ್ದರೂ ಅವುಗಳ ವಾರ್ಷಿಕ ಲೆಕ್ಕಪತ್ರ ಮಲಗುವಂತಿಲ್ಲ. ಸಾಲ ಕೇಳಿದರೆ ಬ್ಯಾಂಕು ವೈಯಕ್ತಿಕ ಜಾಮೀನನ್ನೂ ಕೇಳುವುದುಂಟು. ಹತ್ತು ಸೆಂಟ್ಸಿನ ವ್ಯವಹಾರಕ್ಕೆ ಕಂಪೆನಿ ಕಟ್ಟುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. 500 ಚದರ ಮೀಟರು, ಅಂದರೆ ಸುಮಾರು ಹನ್ನೆರಡು ಸೆಂಟ್ಸು ಮೀರಿದ ಜಾಗವನ್ನು ನಿವೇಶನಗಳಾಗಿ ಮಾರುವುದಾದರೆ, ಜಾಹೀರಾತು ಕೊಡುವ ಮೊದಲೇ 2016ರ ಕಾನೂನಿನಂತೆ ರೇರಾ ನೋಂದಣಿ ಆಗಬೇಕೆಂಬುದೂ ನೆನಪಿರಲಿ.

ಕೂಡಿ ಹಣ ಹಾಕುವುದು ವಯನಾಡಿಗೆ ಹೊಸದಲ್ಲ. ಇಲ್ಲಿನ ಕೃಷಿಕರು ಗಡಿ ದಾಟಿ ಕೊಡಗು, ಹೆಗ್ಗಡದೇವನಕೋಟೆ, ಹುಣಸೂರು ಕಡೆ ಗೇಣಿಗೆ ನೆಲ ಹಿಡಿದು ಶುಂಠಿ ಬೆಳೆಯುತ್ತ ಬಂದಿದ್ದಾರೆ. ಆದರೆ ಶುಂಠಿಯ ಕೂಟ ಒಂದು ಫಸಲಿಗೆ ಮುಗಿಯುತ್ತದೆ. ಜಾಗದ ಕೂಟ ಹಾಗಲ್ಲ. ಯಾರು ಎಷ್ಟು ಹಾಕಿದರು, ತೆರಿಗೆ ಮತ್ತು ಕಂತು ಯಾರು ಕಟ್ಟಬೇಕು, ಎಷ್ಟು ಬೆಲೆಗೆ ಮಾರಬೇಕು, ನಡುವೆ ಒಬ್ಬನಿಗೆ ಹಣ ಬೇಕಾದರೆ ಅವನ ಪಾಲನ್ನು ಯಾರು, ಯಾವ ದರಕ್ಕೆ ಕೊಳ್ಳಬೇಕು, ಒಬ್ಬ ತೀರಿಕೊಂಡರೆ ಮುಂದೇನು ಎಂಬ ಐದು ವಿಷಯಗಳು ಕರಾರಿನಲ್ಲಿ ಇರಲೇಬೇಕು.

ಮನೆಯೊಳಗಿನ ಆಸ್ತಿಗೂ ಇದೇ ಎಚ್ಚರ ಬೇಕು. ಕರ್ನಾಟಕದ ನೆಂಟರ ರೂಢಿ ನೋಡಿ "ನಮ್ಮದು ಅವಿಭಕ್ತ ಕುಟುಂಬ, ಯಜಮಾನರ ಸಹಿ ಸಾಕು" ಎನ್ನುವವರು ಇದ್ದಾರೆ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು 1975ರ ಕಾನೂನು ರದ್ದುಪಡಿಸಿ, ಸದಸ್ಯರನ್ನು ಪ್ರತ್ಯೇಕ ಪಾಲುಗಳ ಒಡೆಯರನ್ನಾಗಿ ಮಾಡಿತು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ಕೇಂದ್ರ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯಿಲ್ಲದೆ ಮಾರುವವನೂ ಕೊಳ್ಳುವವನೂ ನ್ಯಾಯಾಲಯದ ಮೆಟ್ಟಿಲಿಗೆ ಸಿದ್ಧರಾಗಿರಬೇಕು.

ನೆಲದ ಗುಣವನ್ನೂ ನೋಡಬೇಕು. ವಯಲು, ಅಂದರೆ ಗದ್ದೆಯಾದರೆ 2008ರ ನೆಲ್ಲುಗದ್ದೆ ಸಂರಕ್ಷಣಾ ಕಾನೂನು ಅಡ್ಡ ಬರುತ್ತದೆ. ದತ್ತಾಂಶ ಪಟ್ಟಿಯಲ್ಲಿ ಆ ಸರ್ವೆ ನಂಬರು ಇದೆಯೇ ಎಂದು ಕೇಳಿ. ಭೂಮಿತಿಯಿಂದ ವಿನಾಯಿತಿ ಪಡೆದ ಕಾಫಿ, ಚಹಾ ತೋಟವನ್ನು ತುಂಡರಿಸಿ ನಿವೇಶನ ಮಾಡಿದರೆ 1963ರ ಭೂಸುಧಾರಣಾ ಕಾನೂನಿನ ವಿನಾಯಿತಿಯೇ ಹೋದೀತು. ಪರಿಶಿಷ್ಟ ಪಂಗಡದವರ ಭೂಮಿಯ ಪರಭಾರೆಗೆ 1999ರ ಕಾನೂನಿನ ತಡೆಯಿದೆ. ಆ ಭೂಮಿಯತ್ತ ಕಣ್ಣು ಹಾಕದಿರುವುದು ಧರ್ಮವೂ ಹೌದು. 2024ರ ಜುಲೈ 30ರ ಮುಂಡಕ್ಕೈ-ಚೂರಲ್‌ಮಲೆ ದುರಂತದ ಬಳಿಕ ಇಳಿಜಾರಿನ ಜಾಗವನ್ನು ನೋಟ ಚೆನ್ನಾಗಿದೆಯೆಂದು ಕೊಳ್ಳುವವರಿಗೆ ಏನೆನ್ನೋಣ?

ಕೊನೆಯದು, ನಮಗೆ ಎಲ್ಲಕ್ಕಿಂತ ಹತ್ತಿರದ್ದು, ಭಾಷೆ. ಆಧಾರ, ಋಣಭಾರ ಪತ್ರ, ಪೋಕ್ಕುವರವು ಎನ್ನುವ ಹೆಸರು ಬದಲಾವಣೆಯ ಕಾಗದ ಎಲ್ಲವೂ ಮಲಯಾಳದಲ್ಲಿ. ಮಾತಾಡಲು ಬಂದರೂ ಓದಲು ಬಾರದ ನಮ್ಮ ಹಿರಿಯರು "ಬರೆದವರು ಸರಿಯಾಗಿಯೇ ಬರೆದಿರುತ್ತಾರೆ" ಎಂದು ಸಹಿ ಹಾಕುತ್ತಾರೆ. ಓದಿ ಹೇಳಿಸಿಕೊಳ್ಳುವುದು ಅವಮಾನವಲ್ಲ, ಹಕ್ಕು. ಪಾಲುಗಾರರ ನಡುವಿನ ಕರಾರನ್ನು ಕನ್ನಡದಲ್ಲೇ ಬರೆಯಲು ಯಾವ ಅಡ್ಡಿಯೂ ಇಲ್ಲ. ಜಿಲ್ಲೆಯಲ್ಲಿ ಬಳಕೆಯಿಲ್ಲದ ಭಾಷೆಯ ದಾಖಲೆಯನ್ನು ನೋಂದಾಯಿಸಬೇಕಾದರೆ ನಿಜಪ್ರತಿಯೊಡನೆ ಅನುವಾದ ಲಗತ್ತಿಸಬೇಕೆಂದು 1908ರ ನೋಂದಣಿ ಕಾನೂನೇ ಹೇಳುತ್ತದೆ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಸ್ಥಿರಾಸ್ತಿಯ ಮಾರಾಟಕ್ಕೆ 20,000 ರೂ. ಮತ್ತು ಮೇಲ್ಪಟ್ಟ ನಗದು ಮುಂಗಡವನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬರಿಯ ಕ್ರಯದ ಕರಾರಿನಿಂದ ಜಾಗ ನಿಮ್ಮದಾಗದು. ನೋಂದಾಯಿತ ಆಧಾರವೇ ಬೇಕು.

ನಮ್ಮ ಸಂಘಗಳು ರಾಜ್ಯೋತ್ಸವ ನಡೆಸುತ್ತವೆ, ಸಂತೋಷ. ಅದರೊಂದಿಗೆ ತಿಂಗಳಿಗೊಂದು ಭಾನುವಾರ ಎರಡು ಭಾಷೆ ಬಲ್ಲ ನಿವೃತ್ತ ಅಧ್ಯಾಪಕರನ್ನೂ ಒಬ್ಬ ವಕೀಲರನ್ನೂ ಕೂರಿಸಿ, ಬಂದವರ ಕಾಗದ ಓದಿ ಹೇಳುವ ಏರ್ಪಾಡು ಮಾಡಬಾರದೇಕೆ? ಖರ್ಚು ಒಂದು ಮೇಜು, ನಾಲ್ಕು ಕುರ್ಚಿ. ಒಂದು ಕುಟುಂಬದ ಇಪ್ಪತ್ತು ವರ್ಷದ ಉಳಿತಾಯ ಅದರಿಂದ ಉಳಿದರೆ, ಅದಕ್ಕಿಂತ ದೊಡ್ಡ ಕನ್ನಡದ ಕೆಲಸ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.