ಬಾಡಿ ಬೇಕಾ ತಮ್ಮಾ? ಮೊದಲು ಮೇಷ್ಟ್ರನ್ನ ನೋಡು!

ಚಿತ್ರರಸಿಕ ಮಿತ್ರರೇ, ಈ ವಾರ ನಾಯಕಿಯರ ಸುದ್ದಿಗೆ ರಜಾ. ನಿಮ್ಮ ತೋಳಿನ ಸುದ್ದಿ ಮಾತಾಡೋಣ!

ದಾವಣಗೆರೆಯ ಅಭಿಮಾನಿಯೊಬ್ಬ ಕೇಳಿದ್ದಾನೆ: "ಮೊಬೈಲ್ ಅಂಗಡಿಯಲ್ಲಿ ಕೆಲಸ, ಸಂಬಳ 15,000. ಹೊಸದಾಗಿ ಜಿಮ್ ಸೇರಿದ್ದೇನೆ. ಪರ್ಸನಲ್ ಟ್ರೈನರ್ ಇಟ್ಟುಕೊಂಡರೆ ಮೂರೇ ತಿಂಗಳಲ್ಲಿ ಹೀರೋ ಬಾಡಿ ಗ್ಯಾರಂಟಿ ಅಂತಾರೆ. ಅದಕ್ಕೆ ತಿಂಗಳಿಗೆ 5,000 ಬೇರೆ. ಕೊಡಲೋ, ಬಿಡಲೋ?"

ಸಂಬಳದಲ್ಲಿ ಮೂರನೇ ಒಂದು ಪಾಲು! ತಮಾಷೆಯ ಮಾತಲ್ಲ. ನನ್ನ ಉತ್ತರ ಇಷ್ಟೇ: ಕೊಡು ತಮ್ಮಾ, ಆದರೆ ಎರಡು ಮೂರು ತಿಂಗಳಿಗೆ ಮಾತ್ರ. ಬಾಡಿ ಕೊಳ್ಳೋದಕ್ಕಲ್ಲ, ವಿದ್ಯೆ ಕಲಿಯೋದಕ್ಕೆ. ನಿನ್ನ ಚಿತ್ರದಲ್ಲಿ ಟ್ರೈನರ್ ಅತಿಥಿ ನಟ. ನಾಯಕ ನೀನೇ!

ಮೊದಲು ಹೀರೋಗಳ ಲೆಕ್ಕ ನೋಡೋಣ. 2008ರ 'ಗಜಿನಿ' ಹಿಂದಿ ಚಿತ್ರಕ್ಕೆ ಆಮೀರ್ ಖಾನ್ ಮೈ ಬೆಳೆಸಿದ್ದು ಸತ್ಯಜಿತ್ ಚೌರಾಸಿಯಾ ಎಂಬ ತರಬೇತುದಾರರ ಕಣ್ಗಾವಲಿನಲ್ಲಿ. ಅದೂ ತಿಂಗಳುಗಟ್ಟಲೆ ಬೆವರು ಸುರಿಸಿ! ನಾಯಕನಟನಿಗೆ ಮೈಕಟ್ಟು ಅಂದರೆ ಹೊಟ್ಟೆಪಾಡಿನ ಕಸುಬು. ಅಳೆದು ತೂಗಿ ಬಡಿಸುವ ಅಡುಗೆಯವರು, ನಿದ್ದೆಗೆ ಬಿಡುವು, ಶೂಟಿಂಗ್ ದಿನ ನರ ನರ ಎತ್ತಿ ತೋರಿಸುವ ಲೈಟು... ಇಷ್ಟೆಲ್ಲ ಸೇರಿದರೆ ತೆರೆಯ ಮೇಲೆ ಆ ಸಿಕ್ಸ್ ಪ್ಯಾಕ್. ದಿನವಿಡೀ ಕೌಂಟರ್ ಹಿಂದೆ ನಿಲ್ಲುವ ನಮ್ಮ ಹುಡುಗನಿಗೆ ಮೂರು ತಿಂಗಳಲ್ಲಿ ಅದೇ ಬಾಡಿ ಗ್ಯಾರಂಟಿ ಅಂದರೆ ಏನರ್ಥ? ಬ್ಲ್ಯಾಕ್ ಟಿಕೆಟ್ ಮಾರುವವನ ಮಾತು ಅಂತ ಅರ್ಥ!

ಹಾಗಂತ ಗುರು ಬೇಡವೇ? ಖಂಡಿತ ಬೇಕು. ಮೈಸೂರಿನ ಗರಡಿ ಮನೆಗಳಲ್ಲಿ ಉಸ್ತಾದರ ಅಪ್ಪಣೆ ಇಲ್ಲದೆ ಹುಡುಗ ಮಟ್ಟಿಗೆ ಇಳಿಯುತ್ತಿರಲಿಲ್ಲ. ಮೊದಲು ದಂಡ, ಬಸ್ಕಿ, ಗದೆ ಆಮೇಲೆ. 1973ರಲ್ಲಿ 'ಗಂಧದ ಗುಡಿ' ನಿರ್ಮಿಸಿದ ಎಂ.ಪಿ. ಶಂಕರ್ ಇಂಥ ಕುಸ್ತಿಯ ಲೋಕದಿಂದಲೇ ಬೆಳ್ಳಿತೆರೆಗೆ ಬಂದವರು. ಅಣ್ಣಾವ್ರ ಮಾತು ಬಿಡಿ! 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಅವರು ಮಾಡಿದ ಯೋಗಾಸನ ಕಂಡು ಥಿಯೇಟರೇ ಬೆರಗಾಯಿತು. ಆಗ ಅವರಿಗೆ ಐವತ್ತು ದಾಟಿತ್ತು. ನಟಸಾರ್ವಭೌಮರೂ ಯೋಗಗುರು ನಾಯ್ಕರ್ ಮುಂದೆ ಶಿಷ್ಯರಾಗಿ ಕೂತೇ ಕಲಿತರು.

ವಿಜ್ಞಾನವೂ ಅದನ್ನೇ ಹೇಳುತ್ತೆ. 2000ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 20 ಗಂಡಸರಿಗೆ 12 ವಾರ ಒಂದೇ ಕಸರತ್ತಿನ ಪಟ್ಟಿ ಕೊಟ್ಟರು. ಅರ್ಧ ಜನರ ಪಕ್ಕದಲ್ಲಿ ಟ್ರೈನರ್ ನಿಂತ, ಉಳಿದವರು ತಾವೇ ಮಾಡಿದರು. ಟ್ರೈನರ್ ಇದ್ದವರ ಶಕ್ತಿ ಹೆಚ್ಚು ಬೆಳೆಯಿತು. ಕಾರಣ? ಅವರು ವಾರದಿಂದ ವಾರಕ್ಕೆ ಭಾರವನ್ನು ಬೇಗ ಬೇಗ ಏರಿಸಿಕೊಂಡು ಹೋದರು. ಒಬ್ಬನೇ ಇದ್ದರೆ "ಇವತ್ತಿಗೆ ಸಾಕು" ಅಂತ ಮನಸ್ಸು ಕಳ್ಳ ಬೀಳುತ್ತೆ, ಅಷ್ಟೇ!

ಆದರೆ ಮೇಷ್ಟ್ರನ್ನು ಆರಿಸೋದು ಹೇಗೆ? ಹುಷಾರ್, ಡಾಕ್ಟರಿಕೆಗೆ ಇರುವಂತೆ ಟ್ರೈನರ್ ಆಗೋದಕ್ಕೆ ಸರ್ಕಾರಿ ಲೈಸೆನ್ಸ್ ಬೇಕಿಲ್ಲ. ತೋಳು ದಪ್ಪ ಇದ್ದವನೆಲ್ಲ ಗುರುವೇ! ಒಳ್ಳೆಯವನಾದರೆ ಮೊದಲ ದಿನ ಕಬ್ಬಿಣ ಮುಟ್ಟಿಸುವ ಮುಂಚೆ ಪ್ರಶ್ನೆ ಕೇಳ್ತಾನೆ: ಬಿ.ಪಿ. ಇದೆಯಾ? ಸಕ್ಕರೆ ಕಾಯಿಲೆ? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇತ್ತಾ? 2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು 46ನೇ ವಯಸ್ಸಿಗೆ ಹೃದಯಾಘಾತದಿಂದ ಹೊರಟುಹೋದಾಗ ಹೃದಯ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಹುಡುಗರು ಸಾಲುಗಟ್ಟಿದ್ದು ನೆನಪಿದೆಯಲ್ಲ? ಕಸರತ್ತೇ ಕಾರಣ ಅಂತ ತೀರ್ಪು ಕೊಡೋಕೆ ನಾವ್ಯಾರು? ಆದರೆ ಎದೆ ಹಿಡಿದರೆ, ಬವಳಿ ಬಂದರೆ "ಇನ್ನೆರಡು ಹೊಡಿ ಮಗಾ" ಅನ್ನುವವನು ಗುರುವಲ್ಲ. ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸುವವನು ಗುರು.

ಮೊದಲ ದಿನವೇ ನೂರಾರು ಬಸ್ಕಿ ಹೊಡೆಸಿ ಶೌರ್ಯ ತೋರಿಸುವವನಿಂದಲೂ ದೂರ ಇರಿ. ರೂಢಿ ಇಲ್ಲದ ಮೈ ಅಷ್ಟು ದಂಡನೆಗೆ ಸಿಕ್ಕರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕಿಳಿಯುತ್ತೆ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಅಪಾಯ, ಅವತ್ತೇ ಆಸ್ಪತ್ರೆಗೆ ಓಡಬೇಕು!

ಎಲ್ಲಕ್ಕಿಂತ ದೊಡ್ಡ ಖಳನಾಯಕ ಯಾರು ಗೊತ್ತೇ? ಆ ಸೂಜಿ! "ಒಂದು ಕೋರ್ಸ್ ತಗೋ, ಬೇಗ ಬರುತ್ತೆ" ಅಂತ ಕಿವಿಯಲ್ಲಿ ಪಿಸುಗುಟ್ಟುವ ಟ್ರೈನರ್ ಸಿಕ್ಕರೆ ಕೊಟ್ಟ ಫೀಸು ಹೋದರೂ ಹೋಗಲಿ, ಎದ್ದು ಬಂದುಬಿಡು. ಹೊರಗಿನಿಂದ ಗಂಡು ಹಾರ್ಮೋನ್ ಹೋದರೆ ಮೈ ತನ್ನ ಕಾರ್ಖಾನೆಗೆ ಬೀಗ ಹಾಕುತ್ತೆ. ವೃಷಣ ಕುಗ್ಗುತ್ತೆ, ವೀರ್ಯಾಣು ಇಳಿಯುತ್ತೆ, ಹೃದಯದ ಗೋಡೆ ದಪ್ಪವಾಗಬಹುದು. ಗಂಡಸುತನ ತೋರಿಸೋಕೆ ಹೋಗಿ ಅದನ್ನೇ ಅಡವಿಟ್ಟ ಹಾಗೆ!

ಇನ್ನು ಪೌಡರ್ ಡಬ್ಬದ ಮಾತು. ಕಸರತ್ತು ಮಾಡುವ ಆರೋಗ್ಯವಂತನಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋದವನಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಹುರುಳಿಕಾಳಿನಲ್ಲಿ 20ರ ಮೇಲೆ. ಅಷ್ಟೇ ಕಡಲೆಕಾಯಿ ಬೀಜದಲ್ಲಿ ಸುಮಾರು 25. ಅಮ್ಮನ ಹುರುಳಿ ಸಾರೇನು ಸಾಮಾನ್ಯವೇ? ಡಬ್ಬ ಕೊಳ್ಳಲೇಬೇಕು ಅಂತ ಟ್ರೈನರ್ ಪೀಡಿಸಿದರೆ, ಅವನಿಗೆ ಕಮಿಷನ್ ಎಷ್ಟು ಅಂತ ನಗುನಗುತ್ತಾ ಕೇಳಿಬಿಡು!

ಕಾಸು ಉಳಿಸುವ ದಾರಿಯೂ ಇದೆ. ಸ್ನೇಹಿತರು ಇಬ್ಬರು ಮೂವರು ಸೇರಿ ಒಬ್ಬ ಟ್ರೈನರನ್ನು ಗೊತ್ತುಮಾಡಿಕೊಳ್ಳಿ. ದಿನಾ ಬೇಡ, ವಾರಕ್ಕೆರಡು ದಿನ ಸಾಕು. ಒಂದು ನೋಟ್‌ಬುಕ್ ಇಟ್ಟು ಎಷ್ಟು ಭಾರ, ಎಷ್ಟು ಸಲ ಅಂತ ಬರೆದಿಡಿ. ಸೊಂಟ ನೋಯದ ಹಾಗೆ ನೆಲದಿಂದ ಭಾರ ಎತ್ತೋದು, ಮಂಡಿ ಒಳಕ್ಕೆ ಸರಿಯದ ಹಾಗೆ ಬಸ್ಕಿ ಹೊಡೆಯೋದು, ಭಾರ ಯಾವಾಗ ಏರಿಸಬೇಕು, ಯಾವಾಗ ವಿಶ್ರಾಂತಿ... ಇಷ್ಟು ಕಲಿತ ಮೇಲೆ ಮೇಷ್ಟ್ರಿಗೆ ಕೈಮುಗಿದು ಒಬ್ಬನೇ ಶುರುಮಾಡು. ಆರು ತಿಂಗಳಾದರೂ "ನಾನಿಲ್ಲದೆ ನಿನ್ನ ಕೈಲಾಗಲ್ಲ" ಅನ್ನುವವನು ಕಲಿಸಲಿಲ್ಲ, ಕಟ್ಟಿಹಾಕಿದ ಅಂತ ತಿಳಿ.

ಹಳೇ ಸೊಂಟ ನೋವು, ಮುರಿದ ಕೈ, ಬಿ.ಪಿ. ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ. ಅವರು ಮೊದಲು ಡಾಕ್ಟರನ್ನು ಕೇಳಿ, ಅನುಭವಸ್ಥ ಟ್ರೈನರ್ ಜೊತೆ ಇನ್ನೂ ಕೆಲವು ದಿನ ಇರೋದೇ ಕ್ಷೇಮ.

ಹೀರೋ ಮೈ ಬೆಳೆಸೋದು ಒಂದು ಚಿತ್ರಕ್ಕೆ. ನಿನ್ನ ಮೈ ನಿನಗೆ ಬೇಕಾಗಿರೋದು ನೂರು ವರ್ಷದ ಓಟಕ್ಕೆ. ಏನಂತೀರಿ, ಪೈಲ್ವಾನರೇ?