ಕೆರೆಯೆಂದರೆ ದೋಣಿವಿಹಾರದ ಕೊಳವಲ್ಲ

ಕರಾವಳಿಯ ನದಿಗಳಲ್ಲಿ ದೋಣಿ ತೇಲುವುದು ಹೊಸತಲ್ಲ. ಹೊನ್ನಾವರದ ಬಳಿ ಶರಾವತಿಯ ಅಳಿವೆಯಲ್ಲಿ, ಕಾಂಡ್ಲಾ ಕಾಡಿನ ನಡುವೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯ ಹಿಂದೆ ಮೀನುಗಾರರ ತಲೆಮಾರುಗಳ ಜಲಜ್ಞಾನವಿದೆ; ದಿನಕ್ಕೆರಡು ಬಾರಿ ನೀರನ್ನು ಬದಲಿಸುವ ಉಬ್ಬರವಿಳಿತವಿದೆ. ಅಲ್ಲಿಯೂ ಪ್ರವಾಸೋದ್ಯಮಕ್ಕೆ ಮಿತಿ ಬೇಕು. ಆ ಮಾದರಿಯನ್ನೇ ಎತ್ತಿ ತಂದು ಕೋಲಾರದ ಕೆರೆಗಳ ಮೇಲಿಡುವ ಉತ್ಸಾಹಕ್ಕಂತೂ ಯಾವ ಆಧಾರವೂ ಇಲ್ಲ. ಕೆರೆ ತುಂಬಿದೊಡನೆ ಏರಿಯ ಮೇಲೆ ಉದ್ಯಾನ, ನೀರಿನಲ್ಲಿ ದೋಣಿ ಎಂಬ ಬೇಡಿಕೆ ಹುಟ್ಟುವುದು ನಮ್ಮ ಕಾಲದ ಜಲಾಜ್ಞಾನಕ್ಕೆ ಸಾಕ್ಷಿ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಇಲ್ಲಿ ಹೊಳೆಯಾಗಿರುವುದಕ್ಕಿಂತ ಹೆಚ್ಚಾಗಿ ಕೆರೆಗಳ ಸರಪಳಿಯಾಗಿದೆ: ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಯ ಬದುಕು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ತೂಬು ತೆಗೆದು ನೀರು ಹಂಚುವ ನೀರುಗಂಟಿ, ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಸಾಗಿಸುವ ರೈತ, ಬತ್ತಿದ ಅಂಗಳದಲ್ಲಿ ದನ ಮೇಯಿಸುವ ಹುಡುಗ – ಎಲ್ಲರೂ ಅದರ ಹಕ್ಕುದಾರರು. ಕೆರೆ ತುಂಬುವುದೂ ಇಳಿಯುವುದೂ ಅದರ ಧರ್ಮ.

ದೋಣಿಗೆ ಬೇಕಾದದ್ದು ಇಳಿಯದ ನೀರು. ವಿರೋಧ ಇರುವುದು ಇಲ್ಲಿಯೇ. ನೀರಿನ ಮಟ್ಟ ಕಾಯ್ದುಕೊಳ್ಳಬೇಕಾದರೆ ತೂಬು ಮುಚ್ಚಬೇಕು. ನೀರು ನೆಲಕ್ಕಿಳಿಯುವುದನ್ನು 'ನಷ್ಟ'ವೆಂದು ಎಣಿಸಬೇಕು. ಅಂತರ್ಜಲದ ದೃಷ್ಟಿಯಿಂದ ಅದೇ ಲಾಭ!

ಈಗ ತುಂಬಿರುವ ಅನೇಕ ಕೆರೆಗಳ ನೀರಾದರೂ ಎಂಥದು? ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವುದು ಯೋಜನೆಯ ಗುರಿ. ಎರಡನೆಯ ಹಂತದ ಸಂಸ್ಕರಣೆಯಲ್ಲಿ ಸಾವಯವ ಕಶ್ಮಲ ಬಹುಪಾಲು ಇಳಿಯುತ್ತದೆ. ಸಾರಜನಕ, ರಂಜಕಗಳು ಗಣನೀಯವಾಗಿ ಉಳಿದು ಪಾಚಿಗೆ ಆಹಾರವಾಗುತ್ತವೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಾಣಿಸಿಕೊಂಡದ್ದು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಈ ನೀರನ್ನು ರೈತ ನೇರವಾಗಿ ಪಂಪಿನಿಂದ ಎತ್ತುವಂತಿಲ್ಲ, ಅದು ಅಂತರ್ಜಲ ಮರುಪೂರಣಕ್ಕೆ ಮಾತ್ರ ಎಂಬುದು ನಿಯಮ. ರೈತನಿಗೆ ನಿಷಿದ್ಧವಾದ ನೀರು ವಿಹಾರಿಗೆ ಮುಕ್ತವಾಗುವುದು ಯಾವ ನ್ಯಾಯ?

ಮಲೆನಾಡಿಗೂ ಈ ಪ್ರಶ್ನೆ ಹೊರತಲ್ಲ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳನ್ನು ತಿರುಗಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆಯಿತು. ಲೆಕ್ಕಪತ್ರದಲ್ಲಿರುವುದು 24 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಕಂಡದ್ದು 9.55 ಟಿಎಂಸಿ. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ವೆಚ್ಚ 2023ಕ್ಕೆ 23,251 ಕೋಟಿಗೇರಿತು. ಕೋಲಾರದ ಬಾಯಾರಿಕೆಯ ಹೆಸರಿನಲ್ಲಿ ಘಟ್ಟದ ಕಾಡು ಕಡಿಯಲಾಯಿತು. ನೇತ್ರಾವತಿಯ ಒಡಲಿಗೆ ಕೈಹಾಕಲಾಯಿತು. ಆ ಬಾಯಾರಿಕೆ ಸುಳ್ಳಲ್ಲ. ಅದು ನಿಜವಾಗಿರುವುದರಿಂದಲೇ ಅಲ್ಲಿನ ಒಂದೊಂದು ಕೆರೆಯನ್ನೂ ಆಟದ ಬಯಲಾಗಿಸುವುದು ಎರಡು ಸೀಮೆಗಳಿಗೂ ಬಗೆದ ದ್ರೋಹ.

ಪ್ರವಾಸಿ ಬೇಡವೆಂದಲ್ಲ. ಆವನಿಯ ಬೆಟ್ಟವಿದೆ, ಕುರುಡುಮಲೆಯ ಗುಡಿಯಿದೆ, ಅಂತರಗಂಗೆಯ ಬುಗ್ಗೆಯಿದೆ, ಶ್ರೀನಿವಾಸಪುರದ ಮಾವಿನ ತೋಪುಗಳಿವೆ. ಏರಿಯ ಮೇಲೆ ನಡೆದು, ತೂಬು–ಕೋಡಿಗಳ ಮರ್ಮವನ್ನು ಊರ ಹಿರಿಯರಿಂದ ಕೇಳಿ, ರಾಗಿಮುದ್ದೆ ಉಂಡು, ಅದರ ಬೆಲೆಯನ್ನು ಆ ಮನೆಗೇ ತೆತ್ತು, ಕಸ ಬಿಡದೆ ಮರಳುವವನು ಅತಿಥಿ. ನೀರನ್ನು ನೋಡಿ ದೋಣಿ ಕೇಳುವವನು ಗಿರಾಕಿ.

ಆದ್ದರಿಂದ ಯಾವುದೇ ಕೆರೆಗೆ ದೋಣಿ ಇಳಿಸುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು, ನೀರಿನ ಪರೀಕ್ಷಾ ವರದಿಯನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಅದಕ್ಕೂ ಮೊದಲು ರಾಜಕಾಲುವೆಗಳ ಒತ್ತುವರಿ ತೆರವಾಗಲಿ, ಸಂಸ್ಕರಣೆ ಮೂರನೆಯ ಹಂತಕ್ಕೇರಲಿ. ಕೆರೆಗೆ ಸಲ್ಲಬೇಕಾದ ಮೊದಲ ಗೌರವ ಇದೇ.